ಕಷ್ಟವೂ ಕಾಯಕವೂ: ಗದುಗಿನ ಗವಾಯಿಗಳವರ ಗುರುಪರಂಪರೆ

ಕಷ್ಟವೇ ಗುರುವೆಂಬ ಮಾತು ನಮ್ಮ ನಾಡಿನಲ್ಲಿ ಬಹುಕಾಲದಿಂದ ರೂಢವಾಗಿರುವುದು. ಚಿನ್ನವು ಪುಟಕ್ಕೆ ಬಿದ್ದಲ್ಲದೆ ಬಣ್ಣವೇರದೆಂದು ಪುರಾಣಿಕರು ಹೇಳುವರು, ಕೇಳುವವರು ತಲೆದೂಗುವರು. ಆದರೆ ಪುಟಕ್ಕೆ ಬಿದ್ದುದೆಲ್ಲವೂ ಚಿನ್ನವಾಗಿ ಹೊರಬರುವುದಿಲ್ಲವೆಂಬುದನ್ನು ಯಾರು ತಾನೆ ಅರಿಯರು? ಒಂದೇ ಬರಗಾಲವು, ಒಂದೇ ಅನಾಥತನವು ಒಬ್ಬನನ್ನು ಲೋಕೋಪಕಾರಿಯನ್ನಾಗಿ ಮಾಡುವುದು. ಮತ್ತೊಬ್ಬನನ್ನು ಹೆಸರೂ ಉಳಿಯದಂತೆ ಅಳಿಸಿಬಿಡುವುದು. ಹಾಗಾದರೆ ಕಷ್ಟವು ಗುರುವಾಗುವುದು ಯಾವಾಗ? ಕಷ್ಟಪಟ್ಟವನು ಹತ್ತು ಜನರನ್ನು ನಡೆಯಿಸುವ ಧುರೀಣನಾಗುವುದು ಯಾವ ಬಗೆಯಿಂದ? ಶ್ರೀಮಠದ ಈ ಮಹೋತ್ಸವದ ಕಾಲದಲ್ಲಿ ಭಕ್ತರೂ ಶಿಷ್ಯರೂ ವಿಚಾರಿಸಬೇಕಾದ ಪ್ರಶ್ನೆಯಿದು. ಇದಕ್ಕೆ ತರ್ಕದಿಂದ ಉತ್ತರವನ್ನು ಹುಡುಕುವುದಕ್ಕಿಂತ ಚರಿತ್ರೆಯಿಂದ ಹುಡುಕುವುದು ಲೇಸೆಂದು ತೋರುತ್ತದೆ. ಆದಕಾರಣ ಒಬ್ಬರ ಕೈಯನ್ನು ಮತ್ತೊಬ್ಬರು ಹಿಡಿದು ನಡೆದ ಮೂವರು ಪೂಜ್ಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಮೊದಲನೆಯವರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು. ಈಗ ಹಾವೇರಿ ಜಿಲ್ಲೆಗೆ ಸೇರಿರುವ ರಾಣೆಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಒಂದು ಬಡ ಜಂಗಮರ ಮನೆಯಲ್ಲಿ ಜನಿಸಿದ ಇವರ ಬಾಲ್ಯದ ಹೆಸರು ಹಾಲಯ್ಯ. ಬಾಲಕನು ಒಂಬತ್ತು ಹತ್ತು ವರುಷದವನಿರುವಾಗ 1876ರಿಂದ 1878ರ ವರೆಗೆ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಈ ನಾಡನ್ನು ಸುಟ್ಟಿತು. ಊರೂರುಗಳು ಬರಿದಾದ ಆ ಕಾಲವನ್ನು ಕಂಡ ಹುಡುಗನು ಮುಂದೆ ಪರ ಊರಿನಲ್ಲಿ ಜೋಳಿಗೆ ಹಿಡಿದು ಮನೆಮನೆಯ ಭಿಕ್ಷಾನ್ನದಿಂದ ಹೊಟ್ಟೆಹೊರೆದು ಅಕ್ಷರ ಕಲಿತನು. ವಿದ್ಯೆಗೆ ಮೊದಲನೆಯ ಶತ್ರುವು ಹಸಿವೆಂಬುದನ್ನು ಅವನಿಗೆ ಯಾವ ಪುಸ್ತಕವೂ ಕಲಿಸಬೇಕಾಗಲಿಲ್ಲ. ಮುಂದೆ ಹಾನಗಲ್ಲ ವಿರಕ್ತಮಠದ ಅಧಿಪತಿಗಳಾಗಿ, 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬದಾಮಿಯ ಸಮೀಪದಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರದ ಸ್ಥಾಪನೆಗೂ ಕಾರಣಪುರುಷರಾದಾಗ ಈ ಅನುಭವವೇ ಅವರ ಕಾರ್ಯಕ್ಕೆ ಅಡಿಗಲ್ಲಾಯಿತು. ಪಾಠವಿರುವಲ್ಲಿ ಪ್ರಸಾದವೂ ಇರಬೇಕೆಂಬುದನ್ನು ಅವರು ಎಂದೂ ಮರೆಯಲಿಲ್ಲ. ಬಾಲ್ಯದಲ್ಲಿ ತನಗಾಗಿ ಹಿಡಿದ ಜೋಳಿಗೆಯನ್ನು ಅವರು ಪ್ರೌಢದೆಸೆಯಲ್ಲಿ ಪರರಿಗಾಗಿ ಹಿಡಿದರು. ಜೋಳಿಗೆಯು ಅದೇ, ಅದರ ಬಾಯಿ ಮಾತ್ರ ಬೇರೆಯವರ ಕಡೆಗೆ ತಿರುಗಿತು. ನಮ್ಮ ಪ್ರಶ್ನೆಗೆ ಉತ್ತರದ ಮೊದಲನೆಯ ಸುಳಿವು ಇಲ್ಲಿಯೇ ದೊರೆಯುವುದು.

ಎರಡನೆಯವರು ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಇವರ ಮೊದಲಿನ ಹೆಸರು ಗದಿಗೆಯ್ಯ. ಇವರೂ ಇವರ ಅಣ್ಣ ಗುರುಬಸಯ್ಯನೂ ಹುಟ್ಟುಗುರುಡರು. ಬಡವರ ಮನೆಯಲ್ಲಿ ಕಣ್ಣಿಲ್ಲದ ಎರಡು ಮಕ್ಕಳು ಹುಟ್ಟಿದರೆ ಆ ಕಾಲದ ಜನರು ಏನೆಂದುಕೊಳ್ಳುತ್ತಿದ್ದರೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಹೊಲ ಉಳಲು ಬಾರದ, ಅಕ್ಷರ ಕಲಿಯಲು ಬಾರದ ಹುಡುಗರಿಗೆ ತಾಯಿತಂದೆಗಳು ಇರುವ ತನಕ ತುತ್ತು. ಆಮೇಲೆ ಗುಡಿಯ ಕಟ್ಟೆ. ಆದರೆ ಈ ಬಾಲಕರ ಕಂಠಗಳಲ್ಲಿ ಇಂಪಿದ್ದಿತು. ಕೇಳಿದ ಹಾಡನ್ನು ಕೇಳಿದಂತೆಯೇ ಹಿಡಿದಿಡುವ ಸ್ಮರಣೆಯಿದ್ದಿತು. ಅವರ ಗಾನವನ್ನು ಕೇಳಿದ ಕುಮಾರಸ್ವಾಮಿಗಳವರು ಅಯ್ಯೋ ಪಾಪವೆಂದು ನಾಲ್ಕು ಕಾಸು ಕೊಟ್ಟು ಕಳುಹಲಿಲ್ಲ. ಇವರು ಕಲಿಯತಕ್ಕವರೆಂದು ತಿಳಿದು ತಮ್ಮ ಆಶ್ರಯಕ್ಕೆ ಕರೆದುಕೊಂಡರು. ಕರುಣೆಗೂ ಗೌರವಕ್ಕೂ ಇರುವ ಅಂತರವು ಇದೇ. ಕರುಣೆಯು ಕೊರತೆಯನ್ನು ನೋಡುವುದು. ಗೌರವವು ಉಳಿದಿರುವ ಶಕ್ತಿಯನ್ನು ನೋಡುವುದು.

ಅಣ್ಣನಾದ ಗುರುಬಸಯ್ಯನು ಅಕಾಲದಲ್ಲಿಯೇ ಅಗಲಿದನು. ಕತ್ತಲೆಯಲ್ಲಿ ಜೊತೆಗಿದ್ದ ಒಂದು ದನಿಯೂ ನಿಂತುಹೋದ ಮೇಲೆ ತಮ್ಮನು ಒಂಟಿಯಾದನು. ಆದರೂ ಗುರುಗಳು ಬಿಡಲಿಲ್ಲ, ಶಿಷ್ಯನೂ ಕುಗ್ಗಲಿಲ್ಲ. ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದರು. ತರುವಾಯ ಮಿರಜಿಯ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನೀ ಪದ್ಧತಿಯನ್ನು ಕಲಿತರು. ಎರಡೂ ಪದ್ಧತಿಗಳಲ್ಲಿ ಸಮನಾದ ಪಾಂಡಿತ್ಯವುಳ್ಳವರು ವಿರಳವಾಗಿದ್ದ ಆ ಕಾಲದಲ್ಲಿ ಉಭಯಗಾನವಿಶಾರದರೆನಿಸಿದರು. ಕಣ್ಣಿದ್ದವನು ಪಾಠವನ್ನು ಬರೆದಿಟ್ಟುಕೊಂಡು ಮರೆತರೂ ಮರಳಿ ನೋಡಬಹುದು. ಕಣ್ಣಿಲ್ಲದವನಿಗೆ ಆ ಸೌಕರ್ಯವಿಲ್ಲ. ಕೇಳಿದಾಗಲೇ ಹಿಡಿಯಬೇಕು, ಹಿಡಿದುದನ್ನು ನೂರು ಸಲ ತಿರುವಬೇಕು. ಈ ನಿರ್ಬಂಧವೇ ಅವರಿಗೆ ಸಾಧನೆಯ ನಿಯಮವಾಯಿತು. ಮುಂದೆ ಅವರು ಕಲಿಸುವಾಗ ಶಿಷ್ಯರಲ್ಲಿ ಬೇಡಿದ ಶಿಸ್ತೂ ಅದೇ ಆಯಿತು.

ವಿದ್ಯೆಯನ್ನು ಪಡೆದ ಗವಾಯಿಗಳವರು ರಾಜಾಸ್ಥಾನಗಳನ್ನೂ ಧನಿಕರ ಮಹಾಲುಗಳನ್ನೂ ಆಶ್ರಯಿಸಿ ಸುಖದಿಂದ ಇರಬಹುದಾಗಿದ್ದಿತು. ಅವರು ಹಾಗೆ ಮಾಡಲಿಲ್ಲ. ನೈಷ್ಠಿಕ ಬ್ರಹ್ಮಚರ್ಯವನ್ನು ಕೈಕೊಂಡು, ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು ವಿದ್ಯಾದಾನಕ್ಕೆ ನಿಂತರು. ಆ ಪಾಠಶಾಲೆಗೆ ಮೊದಲಲ್ಲಿ ಸ್ವಂತದ ಸೂರು ಇರಲಿಲ್ಲ. ಗುರುವೂ ಶಿಷ್ಯರೂ ವಾದ್ಯಗಳೊಡನೆ ಊರಿಂದೂರಿಗೆ ಸಂಚರಿಸುವರು. ಜಾತ್ರೆಯಲ್ಲಿಯೋ ಮಠದಲ್ಲಿಯೋ ಹಾಡುವರು. ಭಕ್ತರು ಕೊಟ್ಟ ಕಾಳುಕಡಿಗಳಿಂದ ಮಕ್ಕಳ ಊಟವಾಗುವುದು. ಮರುದಿನ ಮುಂದಿನ ಊರು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಲ್ಲುವ ಪೂರ್ವದಲ್ಲಿ ಆ ಸಂಸ್ಥೆಯು ಬಹುಕಾಲ ಹೀಗೆ ನಡೆಯುತ್ತಲೇ ಬೆಳೆಯಿತು.

ಇಲ್ಲಿ ಧುರೀಣತ್ವದ ಮರ್ಮವನ್ನು ವಾಚಕರು ಗಮನಿಸಬೇಕು. ಗವಾಯಿಗಳವರ ಆಡಳಿತದ ಕಟ್ಟಳೆಗಳೆಲ್ಲವೂ ಅವರ ಸ್ವಂತ ಸಂಕಟದಿಂದಲೇ ಹುಟ್ಟಿದವುಗಳು. ತಾವು ನಿರ್ಗತಿಕರಾಗಿದ್ದುದರಿಂದ ವಿದ್ಯೆಗೆ ಬೆಲೆ ಕಟ್ಟಲಿಲ್ಲ. ಒಬ್ಬ ಗುರುವು ಭೇದವೆಣಿಸದೆ ತಮ್ಮ ಕೈಹಿಡಿದುದರಿಂದ ತಾವೂ ಜಾತಿಮತಗಳ ಭೇದವನ್ನು ಎಣಿಸಲಿಲ್ಲ. ಪರಾವಲಂಬನದ ನೋವನ್ನು ಬಲ್ಲವರಾದುದರಿಂದ, ಕಂಠವುಳ್ಳವನಿಗೆ ಗಾಯನವನ್ನೂ ಬೆರಳು ಚುರುಕಾದವನಿಗೆ ತಬಲಾ, ಹಾರ್ಮೋನಿಯಂ, ಪಿಟೀಲುಗಳನ್ನೂ ಕಲಿಸಿ, ಶಿಷ್ಯನು ಆಶ್ರಮವನ್ನು ಬಿಟ್ಟುಹೋದ ಮೇಲೆಯೂ ತನ್ನ ಕಾಯಕದಿಂದ ತಾನು ಬದುಕುವಂತೆ ಮಾಡಿದರು. ಬೇಡುವ ಕೈಯನ್ನು ದುಡಿಯುವ ಕೈಯಾಗಿ ಮಾರ್ಪಡಿಸುವುದೇ ಅವರ ಪಾಠದ ಕೊನೆಯ ಗುರಿಯಾಗಿದ್ದಿತು.

ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆವು. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಎಂಬ ಬಾಲಕನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಗವಾಯಿಗಳವರ ಬಳಿಗೆ ಬಂದನು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರು ವರ್ಷಗಳ ಉತ್ಸವವು ನಡೆದಾಗ ಆ ಹದಿಹರೆಯದ ಶಿಷ್ಯನು ಮಹಾಸಭೆಯಲ್ಲಿ ಹಾಡಿದನು. ಅವನಿಗೆ ತಬಲಾ ಸಾಥು ನೀಡಿದವರು ಮತ್ತಾರೂ ಅಲ್ಲ, ಸ್ವತಃ ಗವಾಯಿಗಳವರು! ನಾಡೆಲ್ಲ ಬಲ್ಲ ಗುರುವು ತನ್ನ ಹಾಡನ್ನು ಬದಿಗಿಟ್ಟು, ಹುಡುಗನೊಬ್ಬನ ಹಾಡಿಗೆ ತಾಳವಾಗಿ ಕುಳಿತನು. ಧುರೀಣನೆಂದರೆ ಮುಂದೆ ನಿಂತು ಆಜ್ಞಾಪಿಸುವವನೆಂದು ಲೋಕವು ಎಣಿಸುವುದು. ಹಿಂದೆ ಕುಳಿತು ಲಯ ತಪ್ಪದಂತೆ ಕಾಯುವವನೂ ಧುರೀಣನೇ ಎಂಬುದನ್ನು ಆ ದಿನ ಹಂಪೆಯು ಕಂಡಿತು. ಆ ಶಿಷ್ಯರು ಮುಂದೆ ದೇಶದ ಶ್ರೇಷ್ಠ ಗಾಯಕರಲ್ಲಿ ಒಬ್ಬರಾಗಿ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಗೆ ಪಾತ್ರರಾದರು.

ಮೂರನೆಯವರು ಪುಟ್ಟರಾಜ ಗವಾಯಿಗಳವರು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಕಣ್ಣುಗಳನ್ನೂ ತಾಯಿತಂದೆಗಳ ಆಸರೆಯನ್ನೂ ಕಳೆದುಕೊಂಡ ಇವರು ಸೋದರಮಾವನ ಮೂಲಕ ಪಂಚಾಕ್ಷರಿ ಗವಾಯಿಗಳವರ ಮಡಿಲನ್ನು ಸೇರಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಇವರಿಗೆ ಮೂವತ್ತು ವರುಷ. ಉಣ್ಣುವ ಬಾಯಿಗಳು ಅನೇಕ. ನಿಶ್ಚಿತವಾದ ಆದಾಯವು ಇಲ್ಲ. ಆಶ್ರಮದ ಭಾರವನ್ನು ಹೊತ್ತ ಇವರು ನಾಟ್ಯಸಂಘವನ್ನು ನಡೆಯಿಸಿ, ತಾವೇ ನಾಟಕಗಳನ್ನು ರಚಿಸಿ, ಆಟಗಳಿಂದ ಬಂದ ಹಣವನ್ನು ಮಕ್ಕಳ ಊಟಕ್ಕೂ ಪಾಠಕ್ಕೂ ವಿನಿಯೋಗಿಸಿದರು. ಭಕ್ತರು ಮಾಡಿದ ತುಲಾಭಾರಗಳ ದ್ರವ್ಯವೂ ಆಶ್ರಮಕ್ಕೇ ಸಂದಿತು. ಅನೇಕ ವಾದ್ಯಗಳಲ್ಲಿ ನಿಪುಣರಾಗಿ, ಕನ್ನಡ, ಸಂಸ್ಕೃತ, ಹಿಂದೀ ಈ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು; ಅದೇ ವರ್ಷದ ಸೆಪ್ಟೆಂಬರ 17ರಂದು ಲಿಂಗೈಕ್ಯರಾದರು. ಅರುವತ್ತಾರು ವರುಷಗಳ ಕಾಲ ಕಣ್ಣಿಲ್ಲದವರೊಬ್ಬರು ಸಾವಿರಾರು ಜನರಿಗೆ ದಾರಿ ತೋರಿಸಿದರೆಂಬುದು ಕವಿಯ ಅಲಂಕಾರವಲ್ಲ. ಗದುಗಿನ ಜನರು ಕಣ್ಣಾರೆ ಕಂಡ ಸಂಗತಿ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಮೂವರನ್ನು ದೊಡ್ಡವರನ್ನಾಗಿ ಮಾಡಿದುದು ಕಷ್ಟವೇ? ಹೌದೆಂದರೆ ಅದು ಅರ್ಧಸತ್ಯ. ಧಾತು ಈಶ್ವರದ ಬರವನ್ನು ಕಂಡ ಮಕ್ಕಳು ಲಕ್ಷಾವಧಿ. ಅವರಲ್ಲಿ ಎಷ್ಟೋ ಮಂದಿ ಹಾದಿಯಲ್ಲಿಯೇ ಮಣ್ಣಾದರು. ಗುರುಬಸಯ್ಯನಿಗೂ ತಮ್ಮನಿಗಿದ್ದ ಕಷ್ಟವೇ ಇದ್ದಿತು, ಅದೇ ಗುರುವಿನ ಕೃಪೆಯೂ ಇದ್ದಿತು, ಆಯುಷ್ಯವೊಂದು ಇರಲಿಲ್ಲ. ಆದುದರಿಂದ ಕಷ್ಟವನ್ನು ಹೊಗಳುವುದು ತರವಲ್ಲ. ಪರರ ಕಷ್ಟವನ್ನು ಕಂಡು ಅದರಿಂದ ಅವರಿಗೆ ಒಳ್ಳೆಯದೇ ಆಗುವುದೆಂದು ಸುಮ್ಮನಿರುವುದಂತೂ ಪಾಪವೇ ಸರಿ. ಕಷ್ಟವು ಕೊಡುವುದು ತಿಳಿವಳಿಕೆಯನ್ನು ಮಾತ್ರ. ಬೆಳವಣಿಗೆಯನ್ನು ಕೊಡುವುದು ಸಕಾಲಕ್ಕೆ ಹಿಡಿದ ಕೈ. ಹಾಗೆ ಬೆಳೆದವನು ತನ್ನ ನೋವನ್ನು ಕೊರಗಾಗಿಯೂ ಹೆಮ್ಮೆಯಾಗಿಯೂ ಇಟ್ಟುಕೊಳ್ಳದೆ, ಮತ್ತೊಬ್ಬರ ನೋವನ್ನು ಅರಿಯುವ ಸಾಧನವನ್ನಾಗಿ ಮಾಡಿಕೊಂಡಾಗ ಧುರೀಣತ್ವವು ತಾನಾಗಿಯೇ ಬರುವುದು. ಕುಮಾರಸ್ವಾಮಿಗಳವರಿಂದ ಪಂಚಾಕ್ಷರಿ ಗವಾಯಿಗಳವರಿಗೆ, ಅವರಿಂದ ಪುಟ್ಟರಾಜರಿಗೆ ಬಂದ ಆಸ್ತಿಯು ಇದೊಂದೇ.

ಭಕ್ತಮಹಾಶಯರೇ, ಉತ್ಸವಕಾಲದಲ್ಲಿ ಕಟ್ಟಿದ ಕಟ್ಟಡಗಳನ್ನೂ ಕೂಡಿದ ಧನವನ್ನೂ ಎಣಿಸುವುದು ಸಹಜವು. ಅದರ ಜೊತೆಗೆ ಮತ್ತೊಂದು ಎಣಿಕೆಯೂ ನಡೆಯಲಿ. ನಮ್ಮ ಊರಿನಲ್ಲಿ ಕಣ್ಣಿಲ್ಲದ ಮಗುವೆಷ್ಟು, ತಾಯಿತಂದೆಗಳಿಲ್ಲದ ಮಗುವೆಷ್ಟು, ಹಸಿದು ಶಾಲೆಯನ್ನು ಬಿಟ್ಟ ಮಗುವೆಷ್ಟು? ಅವರಲ್ಲಿ ಯಾರ ಕೈಯನ್ನು ನಾವು ಹಿಡಿದಿರುವೆವು? ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಉದ್ಯೋಗಗಳಲ್ಲಿಯೂ ವ್ಯಾಪಾರದಲ್ಲಿಯೂ ಅಧಿಕಾರಸ್ಥಾನಗಳಲ್ಲಿಯೂ ಇರತಕ್ಕ ಶಿಷ್ಯಬಾಂಧವರು ತಮ್ಮ ಕೈಕೆಳಗಿನವರನ್ನು ನೋಡುವಾಗ ತಮ್ಮ ಹಳೆಯ ದಿನಗಳನ್ನು ಮರೆಯದಿರಲಿ. ತಾವು ಹತ್ತಿದ ಏಣಿಯನ್ನು ಹಿಂದಿನವರಿಗೂ ಹಿಡಿದು ನಿಲ್ಲುವವನೇ ನಿಜವಾದ ಧುರೀಣನು. ಅಂತಹ ಕೈಗಳು ಈ ಶ್ರೀಮಠದ ಆಶ್ರಯದಲ್ಲಿ ನೂರ್ಮಡಿಯಾಗಲೆಂದು ಗುರುಚರಣಗಳಲ್ಲಿ ಬೇಡಿಕೊಂಡು ಈ ಅಲ್ಪಲೇಖನವನ್ನು ಸಮರ್ಪಿಸುವೆವು.