ಬಿಳಿಗಿರಿಯ ಸೋಲಿಗರ ಜೀವನೋಪಾಯ

ಬಿಳಿಗಿರಿರಂಗನ ಬೆಟ್ಟಗಳಲ್ಲಿ ಪೂರ್ವಕಾಲದಿಂದಲೂ ವಾಸವಾಗಿರುವವರು ಸೋಲಿಗರು. ರಂಗನಾಥಸ್ವಾಮಿಯನ್ನು ಭಾವನೆಂದು ಕರೆಯುವ ಈ ಜನರು ಕಾಡಿನ ಅಲ್ಪಭಾಗವನ್ನು ಸವರಿ ಸುಟ್ಟು, ರಾಗಿ ಅವರೆಗಳನ್ನು ಬೆಳೆದು, ಕೆಲವು ವರ್ಷಗಳ ತರುವಾಯ ಆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುತ್ತಿದ್ದರು. ಜೇನು, ನೆಲ್ಲಿಕಾಯಿ, ಕಲ್ಲುಹೂಗಳು ಅವರಿಗೆ ಇನ್ನೊಂದು ಆಧಾರವಾಗಿದ್ದುವು.

1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾಗಲು, ಆ ಬೇಸಾಯವು ನಿಂತು, ಸೋಲಿಗರು ಪೋಡುಗಳಲ್ಲಿ ನೆಲೆಗೊಳ್ಳಬೇಕಾಯಿತು. ಅಂದಿನಿಂದ ವನೋತ್ಪನ್ನಗಳ ಸಂಗ್ರಹವೇ ಅವರ ಮುಖ್ಯ ವರಮಾನವಾಯಿತು. ಸಹಕಾರ ಸಂಘವು ಅವನ್ನು ಕೊಂಡು ಮಾರುತ್ತಿದ್ದಿತು. ವನ್ಯಜೀವಿ ಶಾಸನಕ್ಕೆ 2002ರಲ್ಲಾದ ತಿದ್ದುಪಡಿಯ ಫಲವಾಗಿ, 2006ರ ವೇಳೆಗೆ ಮಾರಾಟಕ್ಕಾಗಿ ಮಾಡುವ ಆ ಸಂಗ್ರಹವೂ ನಿಷಿದ್ಧವಾಯಿತು. ಬಹು ಮಂದಿ ಕೂಲಿಯನ್ನರಸಿ ಬೆಟ್ಟವಿಳಿದರು.

ಇಲ್ಲಿ ವಾಚಕರು ಗಮನಿಸತಕ್ಕ ವಿಷಯವೊಂದಿದೆ. ಬೇಸಗೆಯ ಆರಂಭದಲ್ಲಿ ತಾವು ಹಾಕುತ್ತಿದ್ದ ತರಗುಬೆಂಕಿ ನಿಂತುದರಿಂದಲೇ ಲಂಟಾನದ ಪೊದೆ ಹಬ್ಬಿತೆಂದೂ, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತೆಂದೂ ಸೋಲಿಗ ಹಿರಿಯರ ಮತ. ಜೀವನವನ್ನು ಕಾಡಿನಿಂದ ಬೇರ್ಪಡಿಸಿದಾಗ ಕಾಡನ್ನು ಬಲ್ಲವರ ತಿಳಿವಳಿಕೆಯೂ ಕಾಡಿಗೆ ದೂರವಾಗುವುದು.

2006ರ ಅರಣ್ಯ ಹಕ್ಕು ಶಾಸನವು ಈ ಅನ್ಯಾಯಕ್ಕೆ ಪರಿಹಾರವನ್ನು ಸೂಚಿಸಿತು. 2011ರಲ್ಲಿ ಬೆಟ್ಟವು ಹುಲಿಧಾಮವೆಂದು ಘೋಷಿತವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ವನೋತ್ಪನ್ನಗಳ ಮೇಲೆ ಸಾಮುದಾಯಿಕ ಹಕ್ಕು ದೊರೆಯಿತು. ಹಿಂದೆ ಅಪ್ಪಣೆಯಿಂದ ನಡೆಯುತ್ತಿದ್ದುದು ಹೀಗೆ ಹಕ್ಕಾಯಿತು. ಅಪ್ಪಣೆಯನ್ನು ಕೊಟ್ಟವರೇ ಹಿಂತೆಗೆಯಬಲ್ಲರು. ಆದುದರಿಂದ ಬೆಟ್ಟದ ಜನರ ಸ್ಥಿರವಾದ ಬಾಳುವೆಗೆ ಹಕ್ಕೇ ಮೊದಲ ಆಧಾರವೆಂದು ಈ ಚರಿತ್ರೆಯಿಂದ ತಿಳಿಯಬೇಕು.