ಬರ್ಲಿನ್ ಟ್ಯಾಂಕಿನ ಮೂರು ಬಣ್ಣ: ಪುಟ್ಟ ಮಾದರಿಗೆ ಹೊಂದಿಸುವುದು ಹೇಗೆ?

ಯುದ್ಧ ಟ್ಯಾಂಕುಗಳ ಪುಟ್ಟ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುವುದು ಹಲವು ದೇಶಗಳಲ್ಲಿ ಬೆಳೆದಿರುವ ಹವ್ಯಾಸ. ಬಿಡಿ ಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಸೂಚನೆ ನೋಡಿ ಅಂಟಿಸಿದರೆ ಟ್ಯಾಂಕ್ ಸಿದ್ಧ. ತಲೆನೋವು ಶುರುವಾಗುವುದು ಬಣ್ಣದ ಹಂತದಲ್ಲಿ. ಅದರಲ್ಲೂ ಪೇಟೆಯ ಕಟ್ಟಡಗಳ ನಡುವೆ ಕಣ್ಣಿಗೆ ಬೀಳದಂತೆ ಬಳಿದ ಮರೆಮಾಚು ಬಣ್ಣವಾದರೆ ಕೆಲಸ ಇನ್ನೂ ನಾಜೂಕು. ಇದಕ್ಕೆ ಹೆಸರಾದ ಉದಾಹರಣೆ ಪಶ್ಚಿಮ ಬರ್ಲಿನ್‌ನಲ್ಲಿದ್ದ ಬ್ರಿಟಿಷ್ ಸೇನೆಯ ಚೀಫ್ಟನ್ ಟ್ಯಾಂಕ್.

ಹಿನ್ನೆಲೆ

ಎರಡನೇ ಮಹಾಯುದ್ಧದ ನಂತರ ಬರ್ಲಿನ್ ನಗರ ನಾಲ್ಕು ದೇಶಗಳ ಉಸ್ತುವಾರಿಗೆ ಹಂಚಿಹೋಯಿತು. 1961ರಲ್ಲಿ ಗೋಡೆ ಎದ್ದಿತು. ಸುತ್ತಲೂ ಪೂರ್ವ ಜರ್ಮನಿ, ನಡುವೆ ನಡುಗಡ್ಡೆಯಂತೆ ಪಶ್ಚಿಮ ಬರ್ಲಿನ್. ಅಲ್ಲಿ ಬ್ರಿಟನ್ ಒಂದು ಸೇನಾ ಬ್ರಿಗೇಡನ್ನು ಇಟ್ಟುಕೊಂಡಿತ್ತು. ಅದರ ಟ್ಯಾಂಕ್ ತುಕಡಿಯಲ್ಲಿದ್ದುದು 120 ಮಿಲಿಮೀಟರ್ ತೋಪಿನ ಚೀಫ್ಟನ್.

ಬ್ರಿಟಿಷ್ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಹಸಿರು ಮತ್ತು ಕಪ್ಪು ಬಣ್ಣದ ಅಂಕುಡೊಂಕು ಪಟ್ಟೆ ಇರುತ್ತಿತ್ತು. ಹೊಲ, ಕಾಡಿನಲ್ಲಿ ಅದು ಸರಿ. ಪೇಟೆಯಲ್ಲಿ ಕಾಣುವುದೆಲ್ಲ ಗೋಡೆ, ಕಿಟಕಿ, ಬಾಗಿಲು. ಎಲ್ಲವೂ ನೇರ ಗೆರೆ. 1980ರ ದಶಕದ ಆರಂಭದಲ್ಲಿ 4/7 ರಾಯಲ್ ಡ್ರಾಗೂನ್ ಗಾರ್ಡ್ಸ್ ದಳದ ಮೇಜರ್ ಕ್ಲೆಂಡನ್ ಡಾಕ್ಸ್ ಇದಕ್ಕೊಂದು ಉಪಾಯ ಹುಡುಕಿದರು. ಬಿಳಿ, ಕಂದು, ಬೂದು ಬಣ್ಣಗಳ ಚೌಕ ಹಾಗೂ ಆಯತಗಳನ್ನು ಟ್ಯಾಂಕಿನ ಮೈತುಂಬ ಬಳಿಸಿದರು. ಮುಂದೆ ಬ್ರಿಗೇಡಿನ ಇತರ ವಾಹನಗಳಿಗೂ ಇದೇ ಬಣ್ಣ ಬಂತು.

ಈ ಬಣ್ಣವನ್ನು ಯುದ್ಧದಲ್ಲಿ ಪರೀಕ್ಷಿಸುವ ಸಂದರ್ಭ ಬರಲಿಲ್ಲ. 1989ರಲ್ಲಿ ಗೋಡೆ ಬಿತ್ತು, 1994ರಲ್ಲಿ ಬ್ರಿಟಿಷ್ ಸೇನೆ ಬರ್ಲಿನ್ ಬಿಟ್ಟಿತು. ಹೀಗೆ ಸುಮಾರು ಒಂದು ದಶಕದಲ್ಲಿ ಮುಗಿದುಹೋದ ಬಣ್ಣದ ನೆನಪು ಇಂದು ಹೆಚ್ಚಾಗಿ ಉಳಿದಿರುವುದು ಹಳೆಯ ಫೋಟೋಗಳಲ್ಲಿ ಮತ್ತು ಪುಟ್ಟ ಮಾದರಿಗಳಲ್ಲಿ. ಆದ್ದರಿಂದಲೇ ಬಣ್ಣ ಸರಿಯಾಗಿ ಹೊಂದಿಸುವುದಕ್ಕೆ ಇಷ್ಟು ಮಹತ್ವ.

ಫೋಟೋ ಎಷ್ಟು ನಂಬಬಹುದು?

ಹಳೆಯ ಫೋಟೋದ ಬಣ್ಣ ಕಾಲಕ್ರಮೇಣ ಮಾಸುತ್ತದೆ. ನೆರಳಲ್ಲಿ ತೆಗೆದದ್ದು ನೀಲಿಗೆ, ಸಂಜೆ ಬಿಸಿಲಲ್ಲಿ ತೆಗೆದದ್ದು ಹಳದಿಗೆ ತಿರುಗಿರುತ್ತದೆ. ಕಂಪ್ಯೂಟರ್ ಪರದೆ ತನ್ನದೇ ಬಣ್ಣ ಸೇರಿಸುತ್ತದೆ. ಒಂದೇ ಟ್ಯಾಂಕ್ ಎರಡು ಫೋಟೋಗಳಲ್ಲಿ ಎರಡು ರೀತಿ ಕಾಣುವುದು ಇದರಿಂದ.

ಆದರೆ ಬರ್ಲಿನ್ ಟ್ಯಾಂಕಿನಲ್ಲಿ ಒಂದು ಅನುಕೂಲವಿದೆ. ಅದರ ಮೈಮೇಲೆಯೇ ಬಿಳಿ ಬಣ್ಣವಿದೆ. ಫೋಟೋದಲ್ಲಿ ಬಿಳಿ ಚೌಕ ಹಳದಿಯಾಗಿ ಕಂಡರೆ ಪಕ್ಕದ ಕಂದು, ಬೂದು ಕೂಡ ಅಷ್ಟೇ ಹಳದಿಗೆ ತಿರುಗಿವೆ ಎಂದು ತಿಳಿಯಬೇಕು. ಬಿಳಿ ನೀಲಿಯಾಗಿದ್ದರೆ ಬೂದು ಬಣ್ಣದ ನೀಲಿಯನ್ನೂ ಅಷ್ಟು ಕಳೆದು ನೋಡಬೇಕು. ಧೂಳು ಹಿಡಿದ ಕೆಳಭಾಗವನ್ನು ಬಿಟ್ಟು, ಮೇಲಿನ ಸ್ವಚ್ಛವಾದ ಬಿಳಿಯನ್ನು ಇದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು.

ಬೂದು ನೀಲಿಯಾಗುವ ಬಗೆ

ಈ ಬೂದಿನಲ್ಲಿ ನೀಲಿ ಎಷ್ಟಿತ್ತು ಎಂಬುದು ಹವ್ಯಾಸಿಗಳ ನಡುವೆ ಚರ್ಚೆಯ ವಿಷಯ. ಇಲ್ಲಿ ಕಣ್ಣಿನ ಆಟವೂ ಇದೆ. ಕಂದು ಎಂದರೆ ಗಾಢವಾದ ಕಿತ್ತಳೆ. ಅದರ ಪಕ್ಕದಲ್ಲಿಟ್ಟ ಶುದ್ಧ ಬೂದು ಕೂಡ ಸ್ವಲ್ಪ ನೀಲಿಯಾಗಿ ತೋರುತ್ತದೆ.

ಈ ಗುಣವನ್ನು ವಿವರವಾಗಿ ಬರೆದವರು ಫ್ರಾನ್ಸಿನ ರಸಾಯನ ತಜ್ಞ ಮಿಶೆಲ್ ಯೂಜೀನ್ ಶೆವ್ರಲ್. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಅವರು ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದರು. ಕಪ್ಪು ನೂಲಿನ ಬಣ್ಣ ಸಪ್ಪೆ ಎಂಬ ದೂರು ಬಂದಾಗ ಪರೀಕ್ಷಿಸಿದರು. ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ನೂಲುಗಳ ಬಣ್ಣವೇ ಕಪ್ಪನ್ನು ಸಪ್ಪೆಯಾಗಿಸಿತ್ತು. 1839ರಲ್ಲಿ ಅವರ ಪುಸ್ತಕ ಹೊರಬಂತು. ಸೀರೆಯ ಒಡಲಿಗೆ ಅಂಚು ಹೊಂದಿಸುವ ನೇಕಾರರಿಗೆ ಈ ಮಾತು ಹೊಸದೇನಲ್ಲ.

ಆದ್ದರಿಂದ ಬೂದು ಬಣ್ಣವೊಂದನ್ನೇ ಹಚ್ಚಿ ಫೋಟೋ ಜೊತೆ ಹೋಲಿಸಿದರೆ ಸಾಲದು. ನೀಲಿ ಕಡಿಮೆಯಾಯಿತೆಂದು ಬೆರೆಸುತ್ತಾ ಹೋದರೆ, ಕಂದು ಪಕ್ಕಕ್ಕೆ ಬಂದಾಗ ಅತಿಯಾಗುತ್ತದೆ. ಮೂರೂ ಬಣ್ಣಗಳನ್ನು ಒಟ್ಟಿಗೆ ಹಚ್ಚಿಯೇ ನೋಡಬೇಕು.

ಅಳತೆ ಚಿಕ್ಕದಾದಾಗ

ಟ್ಯಾಂಕ್ ಮಾದರಿಗಳು ಹೆಚ್ಚಾಗಿ 1/35 ಅಳತೆಯವು. ಅದನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಟ್ಯಾಂಕನ್ನು ಹತ್ತು ಮೀಟರಿಗೂ ಸ್ವಲ್ಪ ಹೆಚ್ಚು ದೂರದಿಂದ ನೋಡಿದಂತೆ. ದೂರದ ವಸ್ತುವಿನ ಬಣ್ಣ ಮಂಕಾಗುತ್ತದೆ. ಮೇಲಾಗಿ, ಮನೆಯೊಳಗಿನ ಬೆಳಕು ಹೊರಗಿನ ಬಿಸಿಲಿನಷ್ಟಿರುವುದಿಲ್ಲ. ಮೂಲ ಬಣ್ಣವನ್ನೇ ತಂದು ಬಳಿದರೂ ಮಾದರಿ ಕಪ್ಪಿಟ್ಟಂತೆ ಕಾಣುವುದು ಈ ಕಾರಣಕ್ಕೆ.

ಇದಕ್ಕಾಗಿ ಬಿಳಿ ಬೆರೆಸುವ ರೂಢಿಯಿದೆ. 1/72 ಅಳತೆಗೆ ನೂರಕ್ಕೆ 15, 1/48ಕ್ಕೆ 10, 1/32ಕ್ಕೆ 7 ಭಾಗ ಎಂಬುದು ಚಾಲ್ತಿಯಲ್ಲಿರುವ ಒಂದು ಲೆಕ್ಕ. 1/35ಕ್ಕೂ 7 ಭಾಗದಿಂದ ಆರಂಭಿಸಬಹುದು. ಬಿಳಿಗೆ ಮಾತ್ರ ಇನ್ನಷ್ಟು ಬಿಳಿ ಸೇರಿಸಲಾಗದು. ಅದಕ್ಕೆ ಒಂದೆರಡು ಹನಿ ಬೂದು ಹಾಕಿ ಕಣ್ಣಿಗೆ ಹೊಡೆಯದಂತೆ ಮಾಡುತ್ತಾರೆ.

ಮಾಡುವ ವಿಧಾನ

* ಮಾದರಿಗೆ ಹಚ್ಚುವ ತಳಬಣ್ಣವನ್ನೇ ಒಂದು ಪ್ಲಾಸ್ಟಿಕ್ ತುಂಡಿಗೂ ಹಚ್ಚಿ, ಅದರ ಮೇಲೆ ಮೂರು ಬಣ್ಣಗಳ ಚೌಕ ಬರೆಯಬೇಕು.
* ಪೂರ್ತಿ ಒಣಗುವವರೆಗೆ ತೀರ್ಮಾನ ಬೇಡ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ಸಾಮಾನ್ಯವಾಗಿ ಗಾಢವಾಗುತ್ತದೆ.
* ಕೊನೆಯಲ್ಲಿ ಹಚ್ಚುವ ವಾರ್ನಿಷನ್ನೂ ತುಂಡಿನ ಮೇಲೆ ಹಚ್ಚಿ ನೋಡಬೇಕು. ಹೊಳಪಿನದು ಬಣ್ಣವನ್ನು ಗಾಢ ಮಾಡುತ್ತದೆ, ಮ್ಯಾಟ್ ತಿಳಿಯಾಗಿಸುತ್ತದೆ.
* ರವಿಕೆ ಬಟ್ಟೆಯನ್ನು ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ ತಂದು ನೋಡುವಂತೆ, ಹಗಲು ಬೆಳಕಿನಲ್ಲೂ ಮಾದರಿ ಇಡುವ ಜಾಗದ ದೀಪದಲ್ಲೂ ನೋಡಬೇಕು. ಒಂದು ಬೆಳಕಿನಲ್ಲಿ ಹೊಂದಿದ ಬಣ್ಣ ಇನ್ನೊಂದರಲ್ಲಿ ಬೇರೆಯಾಗಬಹುದು.
* ಬೆರಕೆ ಬಣ್ಣವನ್ನು ಇಡೀ ಟ್ಯಾಂಕಿಗೆ ಸಾಲುವಷ್ಟು ಒಮ್ಮೆಲೇ ಮಾಡಿಕೊಳ್ಳಬೇಕು. ಎರಡನೇ ಸಲ ಅದೇ ಬಣ್ಣ ಬರುವುದು ಕಷ್ಟ.
* ಮೊದಲು ಬಿಳಿ, ನಂತರ ಬೂದು, ಕೊನೆಗೆ ಕಂದು. ಪ್ರತಿ ಹಂತದಲ್ಲೂ ಉಳಿಯಬೇಕಾದ ಜಾಗಕ್ಕೆ ಟೇಪ್ ಅಂಟಿಸಬೇಕು. ನಿಜ ಟ್ಯಾಂಕಿನ 35 ಸೆಂಟಿಮೀಟರ್ ಇಲ್ಲಿ ಒಂದೇ ಸೆಂಟಿಮೀಟರ್. ಚೀಫ್ಟನ್‌ನ ಗೋಪುರ ಉಬ್ಬುತಗ್ಗಿನದಾದ್ದರಿಂದ ಅಲ್ಲಿ ಟೇಪಿನ ಸಣ್ಣ ಚೂರುಗಳು ಬೇಕಾಗುತ್ತವೆ.

ಬರೆದಿಡುವುದು ಮುಖ್ಯ

ಹಂಬ್ರೋಲ್, ತಮಿಯಾ, ವಯೆಹೋ ಮುಂತಾದ ಕಂಪನಿಗಳ ಬಣ್ಣಗಳಿಗೆ ನಂಬರುಗಳಿವೆ. ಆದರೆ ನಂಬರು ಹೇಳುವುದು ಬಾಟಲಿಯಲ್ಲಿ ಯಾವ ಬಣ್ಣವಿದೆ ಎಂಬುದನ್ನಷ್ಟೇ. ಬರ್ಲಿನ್‌ನಲ್ಲಿ ಯಾವ ಬಣ್ಣವಿತ್ತು ಎಂಬುದಕ್ಕೆ ಅದು ಸಾಕ್ಷಿಯಾಗದು. ಸಂಗ್ರಹಗಳಲ್ಲಿ ಉಳಿದ ಹಳೆಯ ವಾಹನಗಳಿಗೂ ನಂತರ ಹೊಸ ಬಣ್ಣ ಬಳಿದಿರುವ ಸಾಧ್ಯತೆಯಿದೆ.

ಅನುಭವಿಗಳು ಯಾವ ಬಣ್ಣ ಎಷ್ಟು ಹನಿ, ಯಾವ ಫೋಟೋ ಆಧಾರ, ಎಲ್ಲಿ ಊಹೆ ಎಂಬುದನ್ನು ಚೀಟಿಯಲ್ಲಿ ಬರೆದು ಮಾದರಿಯ ಜೊತೆಗಿಡುತ್ತಾರೆ. ಒಬ್ಬರ ಊಹೆಯನ್ನು ಇನ್ನೊಬ್ಬರು ನೋಡಿ ಬಳಿದು, ಮೂರನೆಯವರು ಅದನ್ನೇ ನಿಜವೆಂದು ನಂಬುವುದು ಸುಲಭ. ಚೀಟಿ ಇದ್ದರೆ ಮುಂದಿನವರಿಗೆ ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂದು ಬೇರ್ಪಡಿಸಿ ನೋಡಲು ದಾರಿ ಉಳಿಯುತ್ತದೆ.