ಕಲ್ಲಿಕೋಟೆಯ ಬಟ್ಟೆ

ಶಾಲೆಯ ಬೀರುವಿನಲ್ಲಿದ್ದ ಹಳೆಯ ಪುಸ್ತಕಗಳಿಗೆಲ್ಲ ಬಟ್ಟೆ ಹೊದಿಸಿದ ರಟ್ಟು. ಅದಕ್ಕೆ ಕ್ಯಾಲಿಕೊ ಬೈಂಡು ಎನ್ನುತ್ತಿದ್ದೆವು. ಆಗೆಲ್ಲ ಪ್ರಕಾಶಕರು ಸಾದಾ ಪ್ರತಿಗೆ ಇಷ್ಟು, ಕ್ಯಾಲಿಕೊ ಪ್ರತಿಗೆ ಇಷ್ಟು ಎಂದು ಎರಡು ಬೆಲೆ ಹಾಕುತ್ತಿದ್ದರು. ಹೆಗ್ಗಡದೇವನಕೋಟೆಯಲ್ಲಿ ಪಾಠ ಮಾಡುತ್ತಿದ್ದಾಗ, ವಾಸ್ಕೋ ಡ ಗಾಮನ ಪಾಠ ಬಂದಾಗಲೆಲ್ಲ ಅಂಥದೊಂದು ಪುಸ್ತಕ ಎತ್ತಿ ತೋರಿಸಿ, "ಈ ಬಟ್ಟೆಯನ್ನು ಕಲ್ಲಿಕೋಟೆಯಲ್ಲಿ ನೇಯುತ್ತಿದ್ದರು, ಅದಕ್ಕೇ ಈ ಹೆಸರು" ಎನ್ನುತ್ತಿದ್ದೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ಶುಂಠಿ ಲಾರಿ ಓಡಿಸುವವರು. ಬಾವಲಿ, ಮಾನಂದವಾಡಿ ದಾಟಿ, ತಾಮರಶ್ಶೇರಿ ಘಾಟಿ ಇಳಿದು ಕಲ್ಲಿಕೋಟೆಗೆ ಹೋಗಿ ಬರುತ್ತಿದ್ದರು. "ಮಿಸ್, ಅಲ್ಲಿ ಎಲ್ಲಿ ನೋಡಿದ್ರೂ ತೆಂಗು, ಮಳೆ ಅಂತಾರೆ ನಮ್ಮಪ್ಪ. ಹತ್ತಿ ಎಲ್ಲಿ ಬೆಳೀತಿದ್ರು?" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಆ ನಾಳೆ ಬರಲು ಒಂದು ತಿಂಗಳಾಯಿತು.

ಮಲೆಯಾಳಿಗಳ ಕೋಳಿಕ್ಕೋಡ್ ಅರಬರ ಬಾಯಲ್ಲಿ ಕಾಲಿಕೂತ್, ಐರೋಪ್ಯರ ಬಾಯಲ್ಲಿ ಕ್ಯಾಲಿಕಟ್, ನಮ್ಮ ಬಾಯಲ್ಲಿ ಕಲ್ಲಿಕೋಟೆ. ಸಾಮೂದಿರಿ ಅರಸರ ಆ ಬಂದರಿಗೆ 14ನೆಯ ಶತಮಾನದಲ್ಲಿ ಇಬ್ನ್ ಬತೂತ ಬಂದ. 15ನೆಯ ಶತಮಾನದಲ್ಲಿ ಚೀನಾದ ಝೆಂಗ್ ಹೆ ಹಡಗುಗಳನ್ನು ತಂದ. 1498ರಲ್ಲಿ ಗಾಮ ಬಂದಿಳಿದ. ಬಂದವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಮೆಣಸು, ಶುಂಠಿ. ಆದರೆ ಪೇಟೆಯಲ್ಲಿ ಹತ್ತಿಬಟ್ಟೆಯೂ ಇತ್ತು. ಮಲಬಾರಿನಲ್ಲಿ ನೇಕಾರರು ಇರಲಿಲ್ಲವೆಂದಲ್ಲ. ಆದರೆ ಗುಜರಾತಿನಿಂದ, ಪೂರ್ವ ಕರಾವಳಿಯಿಂದಲೂ ಬಟ್ಟೆ ಆ ಬಂದರಿಗೆ ಬರುತ್ತಿತ್ತು. ಕೊಂಡವರು ಬಂದರಿನ ಹೆಸರನ್ನೇ ಬಟ್ಟೆಗಿಟ್ಟರು. ಮುಂದೆ ಸೂರತ್ತಿನಲ್ಲಿ, ಮಚಲೀಪಟ್ಟಣದಲ್ಲಿ ಹಡಗು ಹತ್ತಿದ ಬಟ್ಟೆಯೂ ಇಂಗ್ಲೆಂಡಿನಲ್ಲಿ ಕ್ಯಾಲಿಕೊ ಎನಿಸಿತು.

ಅಂಥದೇ ಒಂದು ಸಂಗತಿ ನಮ್ಮ ತಲೆಯ ಮೇಲೇ ಇತ್ತು. ಶಾಲೆಯ ಸೂರು ರಿಪೇರಿಗೆಂದು ಮಂಗಳೂರು ಹೆಂಚು ಇಳಿಸಿದಾಗ ನೋಡಿದರೆ, ಬೆನ್ನಿನಲ್ಲಿ ಫೆರೋಕ್ ಎಂದು ಅಚ್ಚು! ಫೆರೋಕ್ ಕಲ್ಲಿಕೋಟೆಯ ಮಗ್ಗುಲಿನ ಊರು. ಟಿಪ್ಪು ಫರೂಕಾಬಾದ್ ಎಂದು ಹೆಸರಿಟ್ಟ ಜಾಗ. ಎಲ್ಲೆಲ್ಲಿಯದೋ ಬಟ್ಟೆಗೆ ತನ್ನ ಹೆಸರು ಕೊಟ್ಟ ಕಲ್ಲಿಕೋಟೆಯ ಸೀಮೆ, ತಾನೇ ಸುಟ್ಟ ಹೆಂಚಿಗೆ ಮಂಗಳೂರಿನ ಹೆಸರು ಹೊತ್ತಿತ್ತು.

ನಮ್ಮ ಬಣ್ಣದ ಕ್ಯಾಲಿಕೊ ಇಂಗ್ಲೆಂಡಿನ ಹೆಂಗಸರಿಗೆ ಎಷ್ಟು ಹಿಡಿಸಿತೆಂದರೆ ಅಲ್ಲಿನ ನೇಕಾರರ ಹೊಟ್ಟೆಗೆ ಕುತ್ತು ಬಂತು. 1700ರ ಕಾನೂನು ಅಚ್ಚು ಹಾಕಿದ ಬಟ್ಟೆಯನ್ನು ಅಲ್ಲಿನ ಬಳಕೆಗೆ ತರಿಸಬಾರದೆಂದಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಹೆಂಗಸರ ಮೈಮೇಲಿನ ಕ್ಯಾಲಿಕೊ ಹರಿದರು. 1721ರಲ್ಲಿ ಅದನ್ನು ಉಡುವುದಕ್ಕೇ ನಿಷೇಧ ಬಂತು. ಅದನ್ನು ತೆಗೆದದ್ದು 1774ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ನೂಲುವ ಯಂತ್ರಗಳು ಹುಟ್ಟಿಕೊಂಡಿದ್ದವು. 19ನೆಯ ಶತಮಾನದಲ್ಲಿ ಲ್ಯಾಂಕಷೈರಿನ ಕ್ಯಾಲಿಕೊ ನಮ್ಮ ಸಂತೆಗಳಿಗೇ ಬಂತು. ಆ ಹೆಸರನ್ನೂ ಹೊತ್ತು ಬಂತು.

ಇದನ್ನು ಓದುವಾಗ ನನಗೆ ಕೃಷ್ಣರಾಜನಗರದ ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜಿಯ ಮನೆ ಕಣ್ಣಿಗೆ ಕಟ್ಟಿತು. ಪಡಸಾಲೆಯ ಮೂಲೆಯಲ್ಲಿ ಒಂದಾಳು ಕಾಲು ಇಳಿಬಿಟ್ಟು ಕೂರುವಷ್ಟು ಗುಂಡಿಯಿತ್ತು. ನಾವು ಮಕ್ಕಳು ಅದರಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆವು. ಅದು ತಾತನ ಮಗ್ಗದ ಗುಂಡಿ. ತಾತ ನೇಯ್ದ ಪಂಚೆಯನ್ನು ಪಿರಿಯಾಪಟ್ಟಣದ ಸಂತೆಯಲ್ಲಿ ಜನ ಅಂಗಡಿಯವನ ಹೆಸರು ಹೇಳಿ ಕೇಳುತ್ತಿದ್ದರಂತೆ. "ನಿಮ್ಮ ತಾತನ ಹೆಸರು ಹೇಳಿ ಒಬ್ಬರೂ ಕೇಳಲಿಲ್ಲ ಕಣವ್ವ" ಎನ್ನುತ್ತಿದ್ದಳು ಅಜ್ಜಿ. ಮಿಲ್ಲಿನ ಬಟ್ಟೆ ಬಂದ ಮೇಲೆ ಮಗ್ಗ ಅಟ್ಟ ಸೇರಿತು, ಕಡೆಗೆ ಸೌದೆಯಾಯಿತು.

ತಿಂಗಳಾದ ಮೇಲೆ ತರಗತಿಯಲ್ಲಿ ಆ ಹುಡುಗನನ್ನು ನಿಲ್ಲಿಸಿ, "ನಾನು ಇಷ್ಟು ವರ್ಷ ತಪ್ಪು ಹೇಳುತ್ತಿದ್ದೆ ಕಣಪ್ಪ. ಆ ಹೆಸರು ಮಾರಿದ ಊರಿನದು, ನೇಯ್ದವರೆಲ್ಲ ಆ ಊರಿನವರಲ್ಲ" ಎಂದೆ. ಅವನು ತುಸು ಯೋಚಿಸಿ, "ಹಂಗಾದ್ರೆ ನೇಯ್ದವರು ಯಾರು ಮಿಸ್?" ಎಂದ.

ಆಗ ತಾತನ ಮಗ್ಗದ ಗುಂಡಿಯ ಕತೆ ಹೇಳಿದೆ. ತಾತನ ಹೆಸರನ್ನೂ ಹೇಳಿದೆ.